ಮರಳು ಕುದಿಯುವ ನೀರಿನಲ್ಲಿ ಐದು ದಿನ

ಶುಕ್ರವಾರ

ಬೆಳಗಿನ ಏಳು ಗಂಟೆಗೆ ಒರ್ಲ್ಯಾಂಡೊದ ತಮ್ಮನ ಮನೆಯಿಂದ ಹೊರಟಾಗ ಹೊರಗೆ ಎರಡು ಡಿಗ್ರಿ ಚಳಿ. ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ನಾನು ಮಧುಗಿರಿಯಿಂದ ಹೊತ್ತು ತಂದಿದ್ದ ಎಳ್ಳುಬೆಲ್ಲದ ಡಬ್ಬಿ ಹಿಂದಿನ ಸೀಟಿನಲ್ಲಿ ಮಕ್ಕಳ ಮಡಿಲಲ್ಲಿತ್ತು. ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆ. ತಮ್ಮ ಅದರ ಆಚೆ ಈಚೆ ಒಂದೊಂದು ದಿನ ರಜೆ ಹಾಕಿ ಐದು ದಿನ ಮಾಡಿಕೊಂಡಿದ್ದ. ನಾನು ಬಂದಾಗಿನಿಂದ ಡಿಸ್ನಿ ತೋರಿಸುತ್ತೇನೆ ಎನ್ನುತ್ತಿದ್ದವನಿಗೆ ನಾನೇ ಬೇಡವೆಂದಿದ್ದೆ. ಅಮೆರಿಕದ ಈ ಫ್ಲೋರಿಡಾ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸಿಹಿನೀರಿನ ಬುಗ್ಗೆಗಳಿವೆ ಎಂದು ಓದಿದ ದಿನವೇ ತೀರ್ಮಾನಿಸಿದ್ದೆ. "ನೀರು ಹುಟ್ಟುವ ಜಾಗ ತೋರಿಸು, ಸಾಕು" ಎಂದಿದ್ದೆ.

"ಚಳಿ ಇದ್ದರೇ ಒಳ್ಳೆಯದು ಅಕ್ಕ" ಎಂದ ತಮ್ಮ, ಗಾಜು ಒರೆಸುತ್ತಾ. "ಚಳಿ ಹೆಚ್ಚಿದಷ್ಟೂ ಅವು ಹೆಚ್ಚು ಬರುತ್ತವೆ."

ಅವು ಅಂದರೆ ಮನಾಟಿಗಳು, ಕಡಲಹಸುಗಳು. ಆರೆಂಜ್ ಸಿಟಿ ಎಂಬ ಸಣ್ಣ ಊರಿನ ಬಳಿಯ ಬ್ಲೂ ಸ್ಪ್ರಿಂಗ್ ಉದ್ಯಾನದ ಬಾಗಿಲಲ್ಲಿ ಎಂಟು ಗಂಟೆಗೇ ಕಾರುಗಳ ಸಾಲು. ಒಂದು ಕಾರಿಗೆ ಆರು ಡಾಲರ್. ಒಳಗಿನ ಜಾಗ ತುಂಬಿತೆಂದರೆ ಬಾಗಿಲು ಹಾಕಿಬಿಡುತ್ತಾರೆ. ಆದ್ದರಿಂದ ಯಾವ ಬುಗ್ಗೆಗೆ ಹೋಗುವವರೂ ಬೆಳಗ್ಗೆಯೇ ಹೋಗಬೇಕು.

ಮರದ ಹಲಗೆ ಹಾಸಿದ ಕಾಲುಹಾದಿಯಲ್ಲಿ ನಡೆದೆವು. ಎರಡೂ ಕಡೆ ಓಕ್ ಮರಗಳು, ಕೊಂಬೆ ಕೊಂಬೆಯಿಂದ ಬೂದುಬಣ್ಣದ ಜಟೆ ಇಳಿಬಿದ್ದಂಥ ಗಿಡ. ಅದು ಪಾಚಿಯಲ್ಲ, ಅನಾನಸಿನ ಕುಟುಂಬಕ್ಕೆ ಸೇರಿದ್ದು ಎಂದು ಸೋದರ ಸೊಸೆ ಹೇಳಿದಳು. ಹದಿಮೂರರ ಹುಡುಗಿ, ತಿಳಿದದ್ದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತದೆ. ಮರಗಳ ನಡುವೆ ನೀರು ಕಂಡಿತು. ಕಂಡಿತು ಎನ್ನುವುದಕ್ಕಿಂತ ಮೊದಲು ಹೊಗೆ ಕಂಡಿತು. ಇಡೀ ತೊರೆಯ ಮೇಲೆ ಆವಿ ಏಳುತ್ತಿತ್ತು, ಬಚ್ಚಲ ಹಂಡೆಯ ಮುಚ್ಚಳ ತೆಗೆದಂತೆ. ನೀರು ವರ್ಷವಿಡೀ ಸುಮಾರು 22 ಡಿಗ್ರಿ. ನಮ್ಮ ಕಡೆ ಬೋರ್‌ವೆಲ್ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇರುತ್ತದಲ್ಲ, ಅದೇ ಕಾರಣ ಇಲ್ಲಿಯೂ. ನೆಲದಾಳದ ನೀರಿಗೆ ಮೇಲಿನ ಋತುಗಳ ಹಂಗಿಲ್ಲ.

ಆವಿಯ ಕೆಳಗೆ ಮೊದಲು ನನಗೆ ಬಂಡೆಗಳು ಎನಿಸಿದವು. ಆಮೇಲೆ ಒಂದು ಬಂಡೆ ಮೂಗು ಮೇಲೆತ್ತಿ ಉಸಿರು ಬಿಟ್ಟಿತು. ಎಮ್ಮೆ ಕೆರೆಯಲ್ಲಿ ಮುಳುಗಿ ಎದ್ದು ಬಿಡುವ ಉಸಿರಿನದೇ ಸದ್ದು. ನೂರಾರು. ಒಂದರ ಮಗ್ಗುಲಿಗೆ ಒಂದು, ಒಂದರ ಬೆನ್ನ ಮೇಲೆ ಇನ್ನೊಂದರ ಬಾಲ, ತಾಯಿಯ ರೆಕ್ಕೆಯ ಬುಡಕ್ಕೆ ಬಾಯಿಟ್ಟ ಮರಿ. ಒಂದೊಂದೂ ನಾನೂರು ಐನೂರು ಕಿಲೋ ತೂಗುವ ಈ ಪ್ರಾಣಿಗೆ ಇಪ್ಪತ್ತು ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಬಹಳ ದಿನ ಬದುಕಲು ಆಗುವುದಿಲ್ಲ. ಪಕ್ಕದ ಸೇಂಟ್ ಜಾನ್ಸ್ ನದಿ ತಣ್ಣಗಾದೊಡನೆ ಬುಗ್ಗೆಯ ತೊರೆಗೆ ನುಗ್ಗುತ್ತವೆ. ರೇಂಜರುಗಳು ಬೆಳಗ್ಗೆ ದೋಣಿಯಲ್ಲಿ ಹೋಗಿ ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ. 1970ರ ದಶಕದಲ್ಲಿ ಎಣಿಕೆ ಶುರುವಾದಾಗ ಸಿಕ್ಕಿದ್ದು ನಲವತ್ತಕ್ಕೂ ಕಡಿಮೆ. 2024ರ ಜನವರಿಯ ಒಂದು ದಿನ 932. ಈ ಎರಡು ಅಂಕಿಗಳ ನಡುವೆ ದೋಣಿಗಳ ವೇಗಕ್ಕೆ ಕಡಿವಾಣ ಹಾಕಿದವರು, ಈ ಜಾಗವನ್ನು ಉದ್ಯಾನವಾಗಿ ಉಳಿಸಿದವರು, ಚಳಿಗಾಲವಿಡೀ ಮನುಷ್ಯರು ಇಲ್ಲಿ ಈಜಬಾರದೆಂದು ನಿಯಮ ಮಾಡಿದವರು ಇದ್ದಾರೆ. ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಈ ನೀರು ಅವುಗಳದ್ದು. ಈಜುವ ಆಸೆಯಿಂದಲೇ ಬಂದ ನನಗೆ ಈ ನಿಷೇಧ ಸಂತೋಷ ಕೊಟ್ಟಿತು.

ಹೆಚ್ಚಿನವುಗಳ ಬೆನ್ನ ಮೇಲೆ ಬಿಳಿ ಗೀರುಗಳಿದ್ದವು. ಮೋಟಾರು ದೋಣಿಯ ರೆಕ್ಕೆ ಕೊಯ್ದ ಗಾಯದ ಗುರುತುಗಳು. ಆ ಗುರುತುಗಳಿಂದಲೇ ಇದು ಯಾವ ಮನಾಟಿ ಎಂದು ಪತ್ತೆ ಹಚ್ಚುತ್ತಾರಂತೆ. ಗಾಯವೇ ಹೆಸರಾದ ಪ್ರಾಣಿಯನ್ನು ನೋಡುತ್ತಾ ನಿಂತಾಗ ಸೋದರಳಿಯ ನನ್ನ ಸೆರಗು ಹಿಡಿದು ಎಳೆದ. ಒಂಬತ್ತು ವರ್ಷದವನು. "ಅತ್ತೆ, ಅಳುತ್ತಿದ್ದೀರಾ?" ಹೌದು ಎಂದೆ.

ಹಾದಿಯ ಕೊನೆಯಲ್ಲಿ ಬುಗ್ಗೆಯ ಬಾಯಿ. ಕಡುನೀಲಿ ಕುಳಿ. ನೀರಿನ ಮೇಲ್ಮೈ ಒಂದು ಕಡೆ ಮಾತ್ರ ನುಣ್ಣಗೆ ಉಬ್ಬಿ, ಉಬ್ಬಿದ ಕಡೆಯೇ ಸುತ್ತಲೂ ಹರಡುತ್ತಿತ್ತು. ಸದ್ದಿಲ್ಲ. ಪ್ರತಿದಿನ ಸುಮಾರು ಹತ್ತು ಕೋಟಿ ಗ್ಯಾಲನ್ ನೀರು ಇಷ್ಟು ಮೌನವಾಗಿ ಬರುತ್ತದೆ ಎಂದರೆ ನಂಬುವುದು ಕಷ್ಟ. ನಮ್ಮಲ್ಲಿ ನೀರಿನ ಹುಟ್ಟಿಗೆ ಎಷ್ಟು ಹೆಸರುಗಳು! ಹೊಳೆಯ ಮರಳು ಕೆದಕಿದರೆ ಜಿನುಗುವುದು ಒರತೆ, ಬಾವಿಯ ಗೋಡೆಯಿಂದ ಇಳಿಯುವುದು ಸೆಲೆ, ಬಂಡೆಯಿಂದ ಚಿಮ್ಮುವುದು ಚಿಲುಮೆ, ತಳದಿಂದ ಉಕ್ಕುವುದು ಬುಗ್ಗೆ, ಊಟೆ. ನಮ್ಮೂರ ಕಡೆ ಇನ್ನೊಂದಿದೆ: ತಲಪರಿಗೆ. ಮರಳುನೆಲದಲ್ಲಿ ಆಳುದ್ದವೂ ತೋಡದೆ ನೀರು ತಾನಾಗಿ ಮೇಲೆ ಬರುವ ಜಾಗ. ಕಲ್ಲು ಕಟ್ಟಿ ಕಾಲುವೆ ಮಾಡಿ ಅದರಿಂದ ಗದ್ದೆ, ತೋಟಗಳಿಗೆ ಹರಿಸುತ್ತಿದ್ದರು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು. ನಾನು ಈಜು ಕಲಿತದ್ದು ಆ ನೀರಿನಲ್ಲಿ, ಅಪ್ಪನ ಅಂಗೈಗಳ ಮೇಲೆ. ತಮ್ಮ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ನೀರಿಗಿಳಿಯುವ ವಯಸ್ಸು ಬರುವ ಹೊತ್ತಿಗೆ ಸುತ್ತ ಬೋರ್‌ವೆಲ್‌ಗಳು ಬಂದು ತಲಪರಿಗೆ ಒಣಗಿತ್ತು. ಅವನಿಗೆ ಇವತ್ತಿಗೂ ಈಜು ಬರುವುದಿಲ್ಲ.

ಮಧ್ಯಾಹ್ನ ಅಲ್ಲಿಂದ ಉತ್ತರಕ್ಕಿರುವ ಡಿ ಲಿಯಾನ್ ಸ್ಪ್ರಿಂಗ್ಸ್‌ಗೆ ಹೋದೆವು. ಹಳೆಯ ಸಕ್ಕರೆ ಗಿರಣಿಯ ಜಾಗದಲ್ಲಿ ಒಂದು ಹೋಟೆಲು. ಪ್ರತಿ ಮೇಜಿನ ನಡುವೆಯೂ ಕಾವಲಿ ಹೂತಿಟ್ಟಿದ್ದಾರೆ. ಹಿಟ್ಟು ತಂದುಕೊಡುತ್ತಾರೆ, ನಾವೇ ಹುಯ್ದುಕೊಳ್ಳಬೇಕು. ತಮ್ಮನ ಹೆಂಡತಿ ಸೌಟಿನ ಬೆನ್ನಿನಿಂದ ಹಿಟ್ಟನ್ನು ಸುತ್ತ ತಿರುಗಿಸಿ ತೆಳ್ಳಗೆ ಹರಡಿದಾಗ ಪಕ್ಕದ ಮೇಜಿನ ಅಜ್ಜಿಯೊಬ್ಬರು ಎದ್ದು ಬಂದು ನೋಡಿದರು. ಅವರಿಗೂ ಒಂದು ಹುಯ್ದು ಕೊಟ್ಟಳು.

ಶನಿವಾರ

ಒಕಾಲಾ ರಾಷ್ಟ್ರೀಯ ಅರಣ್ಯ. 1908ರಲ್ಲಿ ಘೋಷಣೆಯಾದ ಈ ಕಾಡು ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ರಾಷ್ಟ್ರೀಯ ಅರಣ್ಯಗಳಲ್ಲೇ ಹಳೆಯದು. ದಾರಿಯುದ್ದಕ್ಕೂ ಕರಡಿ ದಾಟುವ ಜಾಗವೆಂಬ ಹಳದಿ ಫಲಕಗಳು. ಕರಡಿ ಕಾಣಲಿಲ್ಲ.

ಜೂನಿಪರ್ ಸ್ಪ್ರಿಂಗ್ಸ್‌ನಲ್ಲಿ ಬುಗ್ಗೆಯ ಸುತ್ತ ಕಲ್ಲು ಕಟ್ಟಿ ಕೊಳ ಮಾಡಿದ್ದಾರೆ. ಅದರ ಅಂಚಿಗೆ ನೀರ್ಚಕ್ರವಿರುವ ಮನೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರನ್ನು ಸರ್ಕಾರ ಸಂರಕ್ಷಣಾ ದಳವೆಂದು ಕೂಡಿಸಿ ಕಾಡುಗಳಲ್ಲಿ ದುಡಿಸಿತು. ಈ ಕೊಳ, ಈ ಚಕ್ರ ಅವರ ಕೈಕೆಲಸ. ಚಕ್ರದಿಂದ ಆಗ ವಿದ್ಯುತ್ತನ್ನೂ ಪಡೆಯುತ್ತಿದ್ದರು. ತೊಂಬತ್ತು ವರ್ಷವಾದರೂ ಕಲ್ಲುಗಳ ಜೋಡಣೆ ಅಲುಗಿಲ್ಲ. ಬರಗಾಲದಲ್ಲಿ ಕೂಲಿಗೆ ಕಾಳು ಕೊಟ್ಟು ತೆಗೆಸಿದ ನಮ್ಮ ಕಡೆಯ ಕೆರೆ ಕಾಲುವೆಗಳು ನೆನಪಾದವು. ಹಸಿದವರ ಕೈಯಲ್ಲಿ ಕಟ್ಟಿಸಿದ್ದು ಎಷ್ಟೊಂದು ಕಡೆ ಈಗಲೂ ನಿಂತಿದೆ!

ಅಲ್ಲಿಂದ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಫರ್ನ್ ಹ್ಯಾಮಕ್. ಇದನ್ನು ಬಹಳ ಜನ ನೋಡದೆ ಹೋಗುತ್ತಾರೆ, ಏಕೆಂದರೆ ಇಲ್ಲಿ ಈಜುವಂತಿಲ್ಲ. ಬಾಗಿದ ಪುಟ್ಟ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಮೊಣಕಾಲುದ್ದದ ತಿಳಿನೀರು. ತಳದಲ್ಲಿ ಬಿಳಿಮರಳು ಅಲ್ಲಲ್ಲಿ ಕುದಿಯುತ್ತಿತ್ತು. ಎಸರಿಗೆ ಹಾಕಿದ ಅಕ್ಕಿನುಚ್ಚು ಕುದಿಯುವಾಗ ನಡುವಿನಿಂದ ಮೇಲೆದ್ದು ಅಂಚಿಗೆ ಬಂದು ಕೆಳಗಿಳಿಯುತ್ತದಲ್ಲ, ಹಾಗೆಯೇ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಏಳುತ್ತಿತ್ತು. ಕೆಳಗಿನ ಸುಣ್ಣಕಲ್ಲಿನ ಸೀಳುಗಳಿಂದ ನೀರು ಒತ್ತಿಕೊಂಡು ಬಂದು ಮರಳನ್ನು ಎತ್ತಿ ಕುಣಿಸುವುದು ಅದು. ನನ್ನ ಬಾಲ್ಯದ ತಲಪರಿಗೆಯ ತಳದಲ್ಲಿ ಅಂಗೈಯಗಲದ ಒಂದೇ ಒಂದು ಇಂಥ ಕಣ್ಣಿತ್ತು. ಅದರ ಮೇಲೆ ಕಾಲಿಟ್ಟರೆ ಅಂಗಾಲಿಗೆ ಕಚಗುಳಿ. ಗಂಗಮ್ಮನ ಕಣ್ಣು, ತುಳಿಯಬಾರದು ಎಂದು ಅಜ್ಜಿ ಗದರುತ್ತಿದ್ದರು. ಇಲ್ಲಿ ಎಣಿಸಲು ಹೋದೆ, ಇಪ್ಪತ್ತು ದಾಟಿದ ಮೇಲೆ ಬಿಟ್ಟೆ. ಮುಕ್ಕಾಲು ಗಂಟೆ ಆ ಸೇತುವೆ ಬಿಟ್ಟು ಕದಲಲಿಲ್ಲ. ಮನೆಯವರು ಯಾರೂ ಅವಸರ ಮಾಡಲಿಲ್ಲ ಎಂಬುದಕ್ಕೆ ಅವರಿಗೆ ನಾನು ಋಣಿ.

ಮಧ್ಯಾಹ್ನ ಬಿಸಿಲೇರಿ ಮೈ ಬೆಚ್ಚಗಾದಾಗ ಅಲೆಕ್ಸಾಂಡರ್ ಸ್ಪ್ರಿಂಗ್ಸ್ ತಲುಪಿದೆವು. ಇದು ಮೊದಲ ದರ್ಜೆಯ ಬುಗ್ಗೆ. ಸೆಕೆಂಡಿಗೆ 100 ಘನ ಅಡಿ, ಅಂದರೆ 100 ಕ್ಯೂಸೆಕ್ ಅಥವಾ ಅದಕ್ಕಿಂತ ಹೆಚ್ಚು ಹರಿದರೆ ಮೊದಲ ದರ್ಜೆ. ಕ್ಯೂಸೆಕ್ ಎಂದರೆ ಅಣೆಕಟ್ಟೆಯ ಬಾಗಿಲು, ಕಾವೇರಿಯ ಜಗಳ ಎಂದಷ್ಟೇ ತಿಳಿದಿದ್ದ ನನಗೆ, ನೆಲದ ಒಂದು ಬಿರುಕಿನಿಂದ ಅಷ್ಟು ನೀರು ಬರುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ಹೊತ್ತು ಬೇಕಾಯಿತು. ಇಂಥವು ಫ್ಲೋರಿಡಾದಲ್ಲಿ ಮೂವತ್ತಕ್ಕೂ ಹೆಚ್ಚಿವೆ.

ನೀರಿಗಿಳಿಯುವ ಮುನ್ನ ಒಂದು ಮಾತು ಹೇಳಬೇಕು. ನಾನು ನೀರು ಬಿಟ್ಟು ನಲವತ್ತೆರಡು ವರ್ಷವಾಗಿತ್ತು. ಹನ್ನೆರಡಕ್ಕೆ ದೊಡ್ಡವಳಾದೆ. ಅಂದಿನಿಂದ ತಲಪರಿಗೆಗೆ ಕೊಡ ಹಿಡಿದು ಹೋಗಬಹುದಿತ್ತು, ಇಳಿಯುವಂತಿರಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನು ಸಾಕು" ಎಂದರು ಅಮ್ಮ, ಅಷ್ಟೇ. ನನ್ನ ಜೊತೆ ಈಜುತ್ತಿದ್ದ ಹುಡುಗರು ಈಜುತ್ತಲೇ ಇದ್ದರು. ನಾನು ದಡದಲ್ಲಿ ಬಟ್ಟೆ ಒಗೆಯುತ್ತಾ ನೋಡುತ್ತಿದ್ದೆ. ಆಮೇಲೆ ಓದು, ಮೇಷ್ಟರ ಕೆಲಸ, ಮದುವೆ. ತಲಪರಿಗೆ ಬತ್ತಿದಾಗ ಎಲ್ಲರೂ ಬೆಳೆಯ ಮಾತಾಡಿದರು. ನಾನು ಆಡದೆ ಉಳಿದ ಮಾತು ಬೇರೆ ಇತ್ತು.

ಸೋದರ ಸೊಸೆ ನನಗಾಗಿ ಮೈತುಂಬ ಮುಚ್ಚುವ ಈಜುಡುಗೆ ತಂದಿದ್ದಳು. ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಾಗ ನಾಚಿಕೆಯಾಗಲಿಲ್ಲ. ಆಗುತ್ತದೆ ಎಂದುಕೊಂಡಿದ್ದೆ. ಮರಳಿನ ದಡ ಇಳಿಜಾರಾಗಿ ನೀರಿಗೆ ಸೇರುತ್ತದೆ. ಮೊದಲು ಕಣಕಾಲಿಗೆ ಚುರುಕ್ಕೆಂದಿತು, ಸೊಂಟಕ್ಕೆ ಬಂದಾಗ ಉಸಿರು ಮೇಲೆ ಸಿಕ್ಕಿಕೊಂಡಿತು. ಆಗ ಮುಳುಗಿಬಿಡಬೇಕು, ನಿಂತರೆ ಚಳಿ ಗೆಲ್ಲುತ್ತದೆ. ಮುಳುಗಿದೆ.

ಕೈ ಮರೆತಿರಲಿಲ್ಲ. ನಾಯಿಯ ಈಜು, ನಮ್ಮೂರಿನ ಈಜು, ಕತ್ತು ಮೇಲೆ, ಕೈ ಕೆಳಗೆ. ಹತ್ತು ಮಾರು ಹೋದ ಮೇಲೆ ಸೊಸೆ ಕಣ್ಣಿಗೆ ಹಾಕುವ ಮುಖವಾಡದ ಕನ್ನಡಕ ಕೊಟ್ಟಳು. ಹಾಕಿಕೊಂಡು ಮುಖ ತಗ್ಗಿಸಿದೆ. ಕೆಳಗೆ ನೆಲ ಇರಲಿಲ್ಲ. ಇಪ್ಪತ್ತೈದು ಅಡಿ ಆಳದ ನೀಲಿ ಕುಳಿಯ ಅಂಚನ್ನು ದಾಟಿದ್ದೆ. ನೀರು ಎಷ್ಟು ತಿಳಿಯೆಂದರೆ ಗಾಳಿಯಲ್ಲಿ ತೂಗಾಡಿದಂತೆ ಒಂದು ಕ್ಷಣ ಎದೆ ಬಡಿದುಕೊಂಡಿತು. ತಳದ ಸುಣ್ಣಕಲ್ಲಿನ ಬಿರುಕುಗಳು, ಅವುಗಳ ಬಾಯಲ್ಲಿ ಕುಣಿಯುವ ಮರಳು, ಬೆಳ್ಳಿ ಮೀನುಗಳ ಗುಂಪು, ನನ್ನದೇ ನೆರಳು. ಹೊಟ್ಟೆಯ ಕೆಳಗಿನಿಂದ ನೀರು ಮೆಲ್ಲಗೆ ಮೇಲಕ್ಕೆ ಒತ್ತುತ್ತಿತ್ತು. ಅಪ್ಪನ ಅಂಗೈಯ ಒತ್ತು ಹೀಗೇ ಇತ್ತು. ಎಷ್ಟು ಹೊತ್ತು ಹಾಗಿದ್ದೆನೋ. ತಲೆಯೆತ್ತಿದಾಗ ದಡದಲ್ಲಿ ತಮ್ಮ ಪ್ಯಾಂಟು ಮೊಣಕಾಲವರೆಗೆ ಮಡಚಿ, ಕೈಯಲ್ಲಿ ನನ್ನ ಟವೆಲು ಹಿಡಿದು ನಿಂತಿದ್ದ. ನೀರು ಅವನ ಕಣಕಾಲಿಗೆ ತಾಗುತ್ತಿತ್ತು, ಅಷ್ಟೇ.

ರಾತ್ರಿ ಒಕಾಲಾ ಪಟ್ಟಣದ ಹೊರಗಿನ ಮರದ ಮನೆಯಲ್ಲಿ ಚಿತ್ರಾನ್ನ ಉಂಡು ಮಲಗಿದೆವು. ಮೈಯೆಲ್ಲ ನೋವು. ಹಿತವಾದ ನೋವು.

ಭಾನುವಾರ

ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿಯೂ ಈಜುವಂತಿಲ್ಲ. ಗಾಜಿನ ತಳದ ದೋಣಿಯಲ್ಲಿ ಕುಳಿತು ನೋಡಬೇಕು. 1870ರ ದಶಕದಿಂದ ಈ ದೋಣಿಗಳು ಇಲ್ಲಿ ಓಡಾಡುತ್ತಿವೆ. ಗಾಜಿನ ಕೆಳಗೆ ಹುಲ್ಲುಗಾವಲಿನಂತೆ ಬಾಗುವ ನೀರುಹುಲ್ಲು, ಅದರ ಮೇಲೆ ಅಲ್ಲಲ್ಲಿ ಕಂದು ಪಾಚಿ. ಒಂದು ಕಾಲದಲ್ಲಿ ಸರಾಸರಿ ಸುಮಾರು 800 ಕ್ಯೂಸೆಕ್ ಹರಿಯುತ್ತಿದ್ದ ಬುಗ್ಗೆಗಳ ಗುಂಪು ಇದು. ಈಗ ಅಷ್ಟಿಲ್ಲ. ಪಾಚಿ ಮೊದಲು ಹೀಗಿರಲಿಲ್ಲ ಎಂದು ನಾವಿಕರು ತಾವಾಗಿಯೇ ಹೇಳಿದರು. ಮರೆಮಾಚದೆ ಹೇಳಿದ್ದು ನನಗೆ ಮೆಚ್ಚಿಗೆಯಾಯಿತು.

ನದಿಯ ಅಂಚಿನ ಮರದಲ್ಲಿ ಕೋತಿಗಳು! ಅಮೆರಿಕದ ಕಾಡಿನಲ್ಲಿ ನಮ್ಮ ಏಷ್ಯಾದ ರೀಸಸ್ ಕೋತಿಗಳು. 1930ರ ದಶಕದಲ್ಲಿ ಪ್ರವಾಸಿ ದೋಣಿ ನಡೆಸುತ್ತಿದ್ದವನೊಬ್ಬ ಜನರನ್ನು ಸೆಳೆಯಲು ಕೆಲವನ್ನು ತಂದು ನದಿಯ ನಡುಗಡ್ಡೆಯ ಮೇಲೆ ಬಿಟ್ಟ. ಅವು ಈಜುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಈಜಿ ದಡ ಸೇರಿ ಕಾಡು ತುಂಬಿದವು. ಮಕ್ಕಳು "ಅತ್ತೆ, ನಿಮ್ಮೂರ ಕೋತಿ" ಎಂದು ಕೂಗಿದರು. ಅಲ್ಲ, ನಮ್ಮೂರಿನದು ತಲೆಯ ನಡುವೆ ಬೈತಲೆ ತೆಗೆದಂತೆ ಕೂದಲಿರುವ ಉದ್ದ ಬಾಲದ ಜಾತಿ, ಇವು ಉತ್ತರ ಭಾರತದ ಕಡೆಯವು ಎಂದು ತಿದ್ದಿದೆ. ಮನುಷ್ಯರಿಗೆ ಅಪಾಯ ಒಡ್ಡಬಲ್ಲ ವೈರಾಣು ಇವುಗಳಲ್ಲಿ ಇರುವುದರಿಂದ ಹತ್ತಿರ ಹೋಗಬಾರದು, ತಿನ್ನಲು ಕೊಡಬಾರದು ಎಂದು ಎಚ್ಚರಿಸುತ್ತಾರೆ.

ಆದರೆ ಆ ದಿನ ನನ್ನೊಳಗೆ ಉಳಿದದ್ದು ಕೋತಿಗಳಲ್ಲ. ಇದೇ ನದಿಯಲ್ಲಿ ಒಂದು ಮೈಲಿಯಷ್ಟು ಕೆಳಗೆ ಪ್ಯಾರಡೈಸ್ ಪಾರ್ಕ್ ಎಂಬ ಜಾಗವಿತ್ತು. 1949ರಲ್ಲಿ ತೆರೆದು 1969ರಲ್ಲಿ ಮುಚ್ಚಿತು. ಕಪ್ಪು ಜನರಿಗೆಂದೇ ಮಾಡಿದ್ದು, ಏಕೆಂದರೆ ಸಿಲ್ವರ್ ಸ್ಪ್ರಿಂಗ್ಸ್‌ನೊಳಕ್ಕೆ ಅವರನ್ನು ಬಿಡುತ್ತಿರಲಿಲ್ಲ. ಆಶ್ಚರ್ಯವೆಂದರೆ ಸಿಲ್ವರ್ ಸ್ಪ್ರಿಂಗ್ಸ್‌ನ ಗಾಜಿನ ದೋಣಿಗಳನ್ನು ನಡೆಸುತ್ತಿದ್ದ ನಾವಿಕರಲ್ಲಿ ಅನೇಕರು ಕಪ್ಪು ಜನರೇ. ದೋಣಿ ನಡೆಸಬಹುದಿತ್ತು, ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸಿಕೊಳ್ಳುವಂತಿರಲಿಲ್ಲ. ನೀರು ಮಾತ್ರ ಒಂದೇ. ಮೇಲೆ ಹುಟ್ಟಿ ಬಿಳಿಯರ ಉದ್ಯಾನ ದಾಟಿ ಕೆಳಗಿನ ಕಪ್ಪು ಜನರ ದಡಕ್ಕೆ ಬರುತ್ತಿತ್ತು.

ಕಾರಿನಲ್ಲಿ ಸೊಸೆ ಕೇಳಿದಳು: "ಅತ್ತೆ, ಇಂಡಿಯಾದಲ್ಲಿಯೂ ಹೀಗಿತ್ತಾ?" 1927ರಲ್ಲಿ ಅಂಬೇಡ್ಕರ್ ಮಹಾಡದ ಚೌದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಬೊಗಸೆಯಲ್ಲಿ ನೀರು ಕುಡಿದದ್ದನ್ನು ಹೇಳಿದೆ. ಶಾಲೆಯಲ್ಲಿ ಪ್ರತಿವರ್ಷ ಹೇಳುತ್ತಿದ್ದ ಪಾಠ, ಸಲೀಸಾಗಿ ಬಂತು. ಆಮೇಲೆ ಯಾವತ್ತೂ ಹೇಳದಿದ್ದ ಇನ್ನೊಂದನ್ನೂ ಹೇಳಿದೆ. ನಮ್ಮ ತಲಪರಿಗೆಯ ಬಾಯಲ್ಲಿ ನಾವು ಈಜುತ್ತಿದ್ದಾಗ ದಲಿತರ ಕೇರಿಯ ಹುಡುಗಿಯರು ಕಾಲುವೆಯ ಕೆಳತುದಿಯಲ್ಲಿ, ನಾವು ಕದಡಿ ಬಿಟ್ಟ ನೀರನ್ನು ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ತರಗತಿಯವಳೇ. ಅವಳೂ ಈಜಬೇಕೆಂದು ಅಂದುಕೊಂಡಿದ್ದಳೇ ಎಂದು ನಾನು ಒಂದು ಸಲವೂ ಕೇಳಲಿಲ್ಲ. ನನ್ನನ್ನು ನೀರಿನಿಂದ ಹೊರಗಿಟ್ಟದ್ದನ್ನು ನಲವತ್ತೆರಡು ವರ್ಷ ನೆನಪಿಟ್ಟುಕೊಂಡವಳು ನಾನು. ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಸೋಮವಾರ

ಇಚೆಟಕ್‌ನಿ ಎಂಬ ಬುಗ್ಗೆಹೊಳೆಗೆ ಎರಡು ಗಂಟೆಯ ಹತ್ತಿರದ ದಾರಿ. ಅತ್ತ ಇತ್ತ ಕುದುರೆಗಳ ಹುಲ್ಲುಗಾವಲು, ದನಗಳು, ಹೊಲಗಳು. ತೋಟಗಳ ನಡುವೆ ಬಟ್ಟಲಿನಂತೆ ತಗ್ಗಿದ ಕುಳಿಗಳು, ಕೆಲವುಗಳಲ್ಲಿ ನೀರು. ಇವು ಕೆರೆಗಳಲ್ಲ, ನೆಲ ಕುಸಿದ ಗುಂಡಿಗಳು ಎಂದ ತಮ್ಮ. ಇಡೀ ರಾಜ್ಯದ ಅಡಿಯಲ್ಲಿ ಸುಣ್ಣಕಲ್ಲು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಸ್ವಲ್ಪ ಹುಳಿ ಹೀರಿಕೊಂಡು ಇಳಿಯುತ್ತದೆ. ಆ ಹುಳಿಗೆ ಸುಣ್ಣ ಕರಗುತ್ತದೆ. ಸಾವಿರಾರು ವರ್ಷ ಕರಗಿ ಕರಗಿ ಒಳಗೆ ಗವಿ, ಸುರಂಗ. ಫ್ಲೋರಿಡಾದಿಂದ ಜಾರ್ಜಿಯಾ, ಅಲಬಾಮ, ದಕ್ಷಿಣ ಕ್ಯಾರೊಲಿನಾಗಳವರೆಗೆ ಹಬ್ಬಿದ, ಸುಮಾರು ಒಂದು ಲಕ್ಷ ಚದರ ಮೈಲಿಯ ನೀರಿನ ಉಗ್ರಾಣ ಇದೇ. ಮೇಲ್ಛಾವಣಿ ಕುಸಿದರೆ ಗುಂಡಿ. 1981ರಲ್ಲಿ ಒರ್ಲ್ಯಾಂಡೊ ಪಕ್ಕದ ವಿಂಟರ್ ಪಾರ್ಕ್‌ನಲ್ಲಿ ಇಂಥದೊಂದು ಗುಂಡಿ ಮನೆಯನ್ನೂ ಕಾರುಗಳನ್ನೂ ನುಂಗಿತ್ತು. ನಮ್ಮ ಮಧುಗಿರಿಯ ಏಕಶಿಲೆಯ ಬೆಟ್ಟ, ಅದರ ಕೆಳಗಿನ ಕರಿಕಲ್ಲು ಇದಕ್ಕೆ ತೀರಾ ಬೇರೆ. ಅಲ್ಲಿ ನೀರು ಸಣ್ಣ ಬಿರುಕುಗಳಲ್ಲಷ್ಟೇ ಅವಿತಿರುತ್ತದೆ. ಅಷ್ಟು ಕಡಿಮೆ ಇದ್ದದ್ದಕ್ಕೇ ಬೇಗ ಬರಿದಾಯಿತು. ಇಲ್ಲಿ ತುಂಬ ಇದೆ. ತುಂಬ ಇರುವುದೂ ಬರಿದಾಗುತ್ತದೆ: ಬಾರ್ಟೊ ಬಳಿಯ ಕಿಸೆಂಜನ್ ಬುಗ್ಗೆ ಒಂದು ಕಾಲದಲ್ಲಿ ಊರವರೆಲ್ಲ ಸೇರಿ ಈಜುವ ಜಾಗವಾಗಿತ್ತು. ಅತಿಯಾಗಿ ನೀರೆತ್ತಿದ್ದರಿಂದ 1950ರಲ್ಲಿ ನಿಂತುಹೋಯಿತು.

ಇಚೆಟಕ್‌ನಿಯ ತಲೆಬುಗ್ಗೆ ನಾನು ಕಂಡ ನೀರುಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು. ಕಾಡಿನ ನಡುವೆ ಕಲ್ಲಿನ ಮೆಟ್ಟಿಲು, ಅದರ ಬುಡದಲ್ಲಿ ನೀಲಮಣಿಯಂಥ ಸಣ್ಣ ಮಡು. 1970ರ ದಶಕದ ಆರಂಭದಲ್ಲಿ ಇದನ್ನು ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತೆಂದು ಘೋಷಿಸಿದರು. ಇಲ್ಲಿಂದ ಆರು ಮೈಲಿ ಹರಿದು ಸಾಂತಾ ಫೆ ನದಿ ಸೇರುತ್ತದೆ. ಬೇಸಿಗೆಯಲ್ಲಿ ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿ ತೇಲಿಹೋಗುವ ಜನಜಾತ್ರೆಯಂತೆ. ಜನವರಿಯಲ್ಲಿ ನಾವೂ ಇನ್ನೊಂದು ಸಂಸಾರವೂ ಮಾತ್ರ. ಬಿಸಾಡುವಂಥ ತಟ್ಟೆ, ಬಾಟಲಿ, ಪೊಟ್ಟಣ ಯಾವುದನ್ನೂ ಹೊಳೆಗೆ ಒಯ್ಯುವಂತಿಲ್ಲ. ಎಳ್ಳುಬೆಲ್ಲದ ಡಬ್ಬಿಯನ್ನೂ ಕಾರಿನಲ್ಲೇ ಬಿಟ್ಟು ಬಂದೆವು.

ಮಕ್ಕಳು ನೀರಿಗೆ ಬಿದ್ದರು, ಹಿಂದೆ ನಾನು. ಅಲೆಕ್ಸಾಂಡರ್‌ಗಿಂತ ಇಲ್ಲಿ ಮೈ ಬೇಗ ಒಗ್ಗಿತು. ಅಂಗಾತ ತೇಲಿದೆ. ಕಿವಿ ನೀರಿನೊಳಗಿದ್ದಾಗ ಹೊರಗಿನ ಸದ್ದೆಲ್ಲ ನಿಂತು ಸಣ್ಣದೊಂದು ಚಿಟಿಪಿಟಿ ಮಾತ್ರ ಕೇಳಿಸುತ್ತದೆ. ಮರಳಿನ ಕಣಗಳು ಒಂದಕ್ಕೊಂದು ತಾಗುವ ಸದ್ದಿರಬೇಕು ಅದು.

ಮೇಲೆ ಬಂದು ಒಣಗುತ್ತಾ ಕುಳಿತಾಗ ಫಲಕವೊಂದನ್ನು ಓದಿದೆ. ನೈಟ್ರೇಟ್ ಬಗ್ಗೆ ಇತ್ತು. ಬುಗ್ಗೆಯ ನೀರಿನಲ್ಲಿ ಲೀಟರಿಗೆ 0.35 ಮಿಲಿಗ್ರಾಂ ಮೀರಬಾರದೆಂದು ರಾಜ್ಯ ನಿಗದಿ ಮಾಡಿದೆ, ಅನೇಕ ಬುಗ್ಗೆಗಳಲ್ಲಿ ಮೀರಿದೆ. ಹೊಲದ ಗೊಬ್ಬರ, ದನದ ಗಂಜಲ, ಮನೆಗಳ ಮಲಗುಂಡಿ, ಅಂಗಳದ ಹುಲ್ಲಿಗೆ ಚೆಲ್ಲುವ ಯೂರಿಯಾ ಎಲ್ಲವೂ ಮರಳಿನಲ್ಲಿ ಇಳಿದು ಸುಣ್ಣಕಲ್ಲಿಗೆ ಹೋಗುತ್ತವೆ. ಪಾಚಿ ಕೊಬ್ಬುತ್ತದೆ, ನೀರುಹುಲ್ಲು ಸಾಯುತ್ತದೆ. ಇಲ್ಲಿಂದ ಕೆಲವು ಮೈಲಿ ಆಚೆಯ ಒಂದು ಗುಂಡಿಯಲ್ಲಿ ಬಣ್ಣ ಬಿಟ್ಟು ನೋಡಿದಾಗ ಅದು ನೆಲದಡಿ ಹಾದು ಇದೇ ಬುಗ್ಗೆಗಳಲ್ಲಿ ಕಾಣಿಸಿಕೊಂಡಿತ್ತಂತೆ. ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿನಲ್ಲಿ ಇದೇ ಬಗೆಯ ಮಾಲಿನ್ಯದಿಂದ ಕಡಲಹುಲ್ಲು ನಾಶವಾಗಿ, 2021ರಲ್ಲಿ ಫ್ಲೋರಿಡಾದಾದ್ಯಂತ ಸುಮಾರು 1,100 ಮನಾಟಿಗಳು ಸತ್ತವು, ಅನೇಕವು ಹಸಿವಿನಿಂದ. ಶುಕ್ರವಾರ ನೋಡಿದ ಆ ಮೂಗುಗಳು ನೆನಪಾಗಿ ಹೊಟ್ಟೆ ಸಂಕಟವಾಯಿತು.

ತಮ್ಮ ಫಲಕವನ್ನು ಎರಡು ಸಲ ಓದಿದ. "ನಮ್ಮ ಮನೆಯ ಮುಂದಿನ ಹುಲ್ಲಿಗೆ ವರ್ಷಕ್ಕೆ ನಾಲ್ಕು ಸಲ ಗೊಬ್ಬರ ಹಾಕಿಸುತ್ತೇವೆ ಅಕ್ಕ. ಕಾಲೊನಿಯವರ ಒತ್ತಾಯ" ಎಂದ. "ಆ ನೀರು ಎಲ್ಲಿಗೆ ಹೋಗುತ್ತದೆ?" ಎಂದೆ. ಅವನು ಫೋನಿನಲ್ಲಿ ನಕ್ಷೆ ತೆಗೆದು ನೋಡಿದ. ವಿಕೈವಾ ಬುಗ್ಗೆಗೆ. ಮನೆಯಿಂದ ಇಪ್ಪತ್ತೈದು ನಿಮಿಷ. ಹನ್ನೆರಡು ವರ್ಷದಿಂದ ಅಲ್ಲಿದ್ದರೂ ಅವನು ಅಲ್ಲಿಗೆ ಹೋಗಿರಲಿಲ್ಲ.

ಮಂಗಳವಾರ

ಮಕ್ಕಳು ಶಾಲೆಗೆ, ಅವರಮ್ಮ ಕಚೇರಿಗೆ. ವಿಕೈವಾದ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ನಾವಿಬ್ಬರೂ ಅಲ್ಲಿದ್ದೆವು. ಹೆಸರು ಇಲ್ಲಿನ ಮೂಲನಿವಾಸಿ ಕ್ರೀಕ್ ಜನರ ನುಡಿಯದು, ನೀರಿನ ಬುಗ್ಗೆ ಎಂದೇ ಅರ್ಥ. ಹುಲ್ಲಿನ ದಿಬ್ಬ ಇಳಿದರೆ ಅಗಲವಾದ ತಿಳಿಗೊಳ, ಹೆಚ್ಚು ಕಡೆ ಎದೆಮಟ್ಟ. ಮೇಲೆ ಆವಿ. ಎರಡು ವೃದ್ಧ ದಂಪತಿಗಳು ಆಗಲೇ ಈಜುತ್ತಿದ್ದರು. ಅವರಿಗೆ ಇದು ನಿತ್ಯದ ಸ್ನಾನದಂತೆ ಇರಬೇಕು.

ತಮ್ಮ ಈಜುಚಡ್ಡಿ ಹಾಕಿಕೊಂಡು ಬಂದಿದ್ದ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮೆಟ್ಟಿಲಿನ ಕಂಬಿ ಹಿಡಿದು ಇಳಿದ. ನಲವತ್ಮೂರು ವರ್ಷದ ಗಂಡಸಿನ ಕೈ ನಡುಗುತ್ತಿತ್ತು, ಚಳಿಗಷ್ಟೇ ಅಲ್ಲ. "ಹಿಂದಕ್ಕೆ ಒರಗು" ಎಂದೆ. "ಮಂಚದ ಮೇಲೆ ಮಲಗಿದಂತೆ. ತಲೆ ಬಿಡು. ಆಕಾಶ ನೋಡು." ಅಪ್ಪ ಹೇಳುತ್ತಿದ್ದ ಮಾತುಗಳು, ಅದೇ ಕ್ರಮದಲ್ಲಿ ಬಂದವು. ಒಂದು ಕೈ ಅವನ ಬೆನ್ನಿನ ಕೆಳಗೆ, ಇನ್ನೊಂದು ಕತ್ತಿನ ಕೆಳಗೆ. ಅವನ ಭಾರ ಮೊದಲು ಎಲ್ಲವೂ ನನ್ನ ಕೈಮೇಲಿತ್ತು. ಆಮೇಲೆ ಅರ್ಧ. ಉಸಿರು ತುಂಬಿಕೊಂಡಾಗ ಒಂದು ಸಂತೆಯ ಚೀಲದಷ್ಟು.

ಕೈ ತೆಗೆದೆ. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು ನೀರು ಅವನನ್ನು ಹಿಡಿದುಕೊಂಡಿತು. ಆಮೇಲೆ ಗಾಬರಿಯಾಗಿ ಕಾಲು ಇಳಿಬಿಟ್ಟು, ನೀರು ಕುಡಿದು, ಕೆಮ್ಮುತ್ತಾ ನನ್ನ ಭುಜ ಹಿಡಿದು ನಿಂತ. ಕಣ್ಣು ಕೆಂಪಾಗಿದ್ದವು.

"ಇನ್ನೊಂದು ಸಲ ಹಿಡಿದುಕೋ ಅಕ್ಕ" ಎಂದ.